ಕೂಲಂಕಷವಾಗಿ ಹುಡುಕಲಾಗಿ

ನಾನು ಬರೆದದ್ದರಲ್ಲಿ ಅತಿ ಹೆಚ್ಚು ಮನೆಗಳನ್ನು ತಲುಪಿದ್ದು ಒಂದೇ ಒಂದು ವಾಕ್ಯ. "ಸದರಿ ಕಡತವನ್ನು ಅಭಿಲೇಖಾಲಯದಲ್ಲಿ ಕೂಲಂಕಷವಾಗಿ ಹುಡುಕಲಾಗಿ, ಲಭ್ಯವಾಗಿರುವುದಿಲ್ಲ." ಅಭಿಲೇಖಾಲಯ ಎಂದರೆ ಇನ್ನೇನಲ್ಲ, ಹಳೆಯ ಕಾಗದಗಳನ್ನು ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿ ಪೇರಿಸಿಟ್ಟ ಕೋಣೆ. ನಾನು ಸೇರುವ ಮೊದಲು ನಮ್ಮ ಕಚೇರಿಯವರು "ಫೈಲು ಇರುವುದಿಲ್ಲ" ಎಂದಷ್ಟೇ ಬರೆದು ಕಳಿಸಿ, ಮೇಲ್ಮನವಿಯಲ್ಲಿ ಬೈಸಿಕೊಂಡು ಬರುತ್ತಿದ್ದರು. 'ಕೂಲಂಕಷವಾಗಿ' ಎಂಬ ಪದವನ್ನು ಸೇರಿಸಿದವಳು ನಾನು. ಅದು ಸೇರಿದ ಮೇಲೆ ಬೈಗುಳ ನಿಂತಿತು. ಸಹೋದ್ಯೋಗಿಗಳು ಅದನ್ನು ನಕಲು ಮಾಡಿಕೊಂಡರು, ವರ್ಗವಾಗಿ ಹೋದವರು ಜೊತೆಯಲ್ಲೇ ಒಯ್ದರು. ನಾನು ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ವರ್ಗವಾಗಿ ಬಂದ ದಿನ ನೋಡುತ್ತೇನೆ, ನನ್ನ ವಾಕ್ಯ ನನಗಿಂತ ಮೊದಲೇ ಬಂದು ಅಲ್ಲಿ ಕೂತಿದೆ. ಆವತ್ತು ನನಗಾದ ಹೆಮ್ಮೆಯನ್ನು ನೆನೆದರೆ ಈಗ ಮುಖ ಎಲ್ಲಿಟ್ಟುಕೊಳ್ಳಲಿ ಅನಿಸುತ್ತದೆ.

ಯಾವ ಇಲಾಖೆ ಎಂದು ಹೇಳುವುದಿಲ್ಲ. ಈಗ ಹೇಳಹೊರಟಿರುವುದು ಎರಡು ಊರುಗಳಲ್ಲಿ ಯಾವ ಊರಿನ ಕಚೇರಿಯಲ್ಲಿ ನಡೆಯಿತು ಎಂದೂ ಹೇಳುವುದಿಲ್ಲ. ನಾಚಿಕೆ ನನ್ನದು, ಕಟ್ಟಡದ್ದಲ್ಲ. ನಾನು ಬಿ.ಜಿ. ಕೆರೆಯ ಬೇಸಾಯದ ಮನೆಯವಳು. ಶೇಂಗಾ ಬಿಡಿಸುತ್ತ ಪರೀಕ್ಷೆಗೆ ಓದಿ, ದ್ವಿತೀಯ ದರ್ಜೆ ಸಹಾಯಕಿಯಾಗಿ ನೌಕರಿಗೆ ಸೇರಿದವಳು. ಮಾಹಿತಿ ಹಕ್ಕಿನ ಅರ್ಜಿಗಳ ಟೇಬಲ್ಲು ನನಗೆ ಸಿಕ್ಕಿದ್ದಕ್ಕೆ ಕಾರಣ ಸರಳ. ಅದು ಯಾರಿಗೂ ಬೇಡವಾಗಿತ್ತು, ನಾನು ಹೊಸಬಳಾಗಿದ್ದೆ.

ಕಾಯ್ದೆ ಹೊಸತಾಗಿ ಬಂದಾಗ ಅರ್ಜಿಗಳೇ ಅಪರೂಪ. ಬರುತ್ತಿದ್ದವೂ ಹೆದರುತ್ತ ಬರುತ್ತಿದ್ದವು. ಹಕ್ಕು ಎಂದು ತಲೆಬರಹ ಬರೆದು, ಕೆಳಗೆ "ತಾವು ದೊಡ್ಡ ಮನಸ್ಸು ಮಾಡಿ ದಯಪಾಲಿಸಬೇಕಾಗಿ ಬೇಡಿಕೊಳ್ಳುತ್ತೇನೆ" ಎಂದು ಮುಗಿಸುತ್ತಿದ್ದರು. ನಿವೃತ್ತ ಮೇಷ್ಟ್ರೊಬ್ಬರು ಮಾತ್ರ ತಿಂಗಳಿಗೊಂದರಂತೆ, ಮುತ್ತು ಪೋಣಿಸಿದ ಹಾಗಿನ ಅಕ್ಷರದಲ್ಲಿ, ಒಂದೊಂದೇ ಪ್ರಶ್ನೆ ಕೇಳುತ್ತಿದ್ದರು. ಅವರ ಅರ್ಜಿ ಬಂದರೆ ನಮ್ಮ ಸೂಪರಿಂಟೆಂಡೆಂಟರು ಎದ್ದು ಕೂರುತ್ತಿದ್ದರು. ಉತ್ತರವನ್ನು ನಾನು ಎರಡೆರಡು ಸಲ ತಿದ್ದುತ್ತಿದ್ದೆ, ಕಾಗುಣಿತ ತಪ್ಪಿದರೆ ಮೇಷ್ಟ್ರು ಅದನ್ನೂ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸುವರು ಎಂಬ ಭಯ.

ಆಮೇಲೆ ರುಚಿ ಹತ್ತಿದವರು ಬಂದರು. ಅವರಲ್ಲಿ ಒಬ್ಬಾತನನ್ನು ಹೇಳಲೇಬೇಕು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬೈಕಿನ ಮುಂದೆ ಯಾವುದೋ ಸಂಘದ ಹೆಸರು. ಒಂದೇ ದಿನ ಒಂದು ರಾಶಿ ಅರ್ಜಿ ಹಾಕುತ್ತಿದ್ದ, ಎಲ್ಲದರಲ್ಲೂ "ದಿನಾಂಕದಿಂದ ಇಲ್ಲಿಯವರೆಗೆ ಸಂಪೂರ್ಣ ದಾಖಲೆಗಳು". ನಾವು ತಿಂಗಳುಗಟ್ಟಲೆ ಪುಟ ಎಣಿಸಿ, ಜೆರಾಕ್ಸಿಗೆ ಸಿದ್ಧ ಮಾಡಿಟ್ಟರೆ, ಆತ ಬಂದು ಸೂಪರಿಂಟೆಂಡೆಂಟರ ಪಕ್ಕ ಕುರ್ಚಿ ಎಳೆದುಕೊಂಡು, "ಯಾಕ್ ಸರ್ ಅಷ್ಟು ತಲೆ ಕೆಡಿಸ್ಕೋತೀರ, ಅರ್ಜಿ ವಾಪಸ್ ತಗಂಡ್ರಾಯ್ತು. ನಮ್ದೂ ಒಂದು ಸಣ್ಣ ಕೆಲ್ಸ ಐತೆ" ಅನ್ನುತ್ತಿದ್ದ. ಅವನ ಹಿಂದೆ ಷಡ್ಡಕನ ಮೇಲಿನ ಸಿಟ್ಟಿಗೆ ಅರ್ಜಿ ಹಾಕುವವರು, ಪಂಚಾಯ್ತಿ ಚುನಾವಣೆಯಲ್ಲಿ ಸೋತವರು, ಗೆದ್ದವರ ಮೇಲೆ ಕಣ್ಣಿಟ್ಟವರು, ಎಲ್ಲರೂ ಬಂದರು. ನನ್ನ ಮನಸ್ಸು ಕಹಿಯಾಯಿತು. ಅರ್ಜಿ ಒಂದೇ ವಿಷಯಕ್ಕಿರಬೇಕು, ನೂರೈವತ್ತು ಪದ ಮೀರಬಾರದು ಎಂಬ ನಿಯಮ ನಮ್ಮಲ್ಲಿದೆ. ನಾನು ಪೆನ್ಸಿಲ್ ಹಿಡಿದು ಪದ ಎಣಿಸಿ, ನೂರೈವತ್ತೈದು ಇದ್ದರೂ ತಿರಸ್ಕರಿಸಿ, ಆ ಸಂತೋಷಕ್ಕೆ ಒಂದು ಟೀ ತರಿಸಿ ಕುಡಿಯುತ್ತಿದ್ದೆ. ಅಂಥ ಹೆಂಗಸಾಗಿದ್ದೆ ನಾನು.

ಈ ಹೊತ್ತಿಗೆ ಕಚೇರಿಯ ಗೇಟಿನ ಪಕ್ಕ ಒಂದು ಟೈಪಿಂಗ್ ಅಂಗಡಿ ಶುರುವಾಗಿತ್ತು. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಹೊರಗೆ ಒಂದು ಬೆಂಚು. ಅಂಗಡಿಯವನ ಹತ್ತಿರ ಮಾಹಿತಿ ಹಕ್ಕಿನ ಅರ್ಜಿಯ ಒಂದು ಮಾದರಿ ಇತ್ತು, ಯಾರೇ ಬಂದರೂ ಹೆಸರು, ಊರು, ವಿಷಯ ಬದಲಾಯಿಸಿ ಅದನ್ನೇ ಕೊಡುತ್ತಿದ್ದ. ಆ ಮಾದರಿಯನ್ನು ಅವನಿಗೆ ಮೊದಲು ಬರೆದುಕೊಟ್ಟವನು ಬಿಳಿ ಅಂಗಿಯವನೇ. ಹಾಗಾಗಿ ಗೇಟಿನಿಂದ ಬಂದ ಪ್ರತಿ ಅರ್ಜಿಯೂ ನೋಡುವುದಕ್ಕೆ ಬಿಳಿ ಅಂಗಿಯವನ ಅರ್ಜಿಯ ಹಾಗೇ ಇರುತ್ತಿತ್ತು, ಅವೇ ದಪ್ಪಕ್ಷರ, ಅವೇ ಕಲಮುಗಳು, ಕೊನೆಗೆ ಅದೇ "ತಪ್ಪಿದಲ್ಲಿ ಮುಂದಿನ ಕ್ರಮ". ನಾನು ಮೊದಲ ಸಾಲು ನೋಡುತ್ತಲೇ ಮೂಗು ಮುರಿಯುತ್ತಿದ್ದೆ. ಕೆಳಗೆ ಯಾರ ಹೆಸರಿದೆ ಎಂದು ಓದುವ ತಾಳ್ಮೆ ಇರುತ್ತಿರಲಿಲ್ಲ.

ಹಾಗೇ ಓದದೆ ಬಿಟ್ಟ ಒಂದು ಅರ್ಜಿ, ಬಂಡೆಗುಡ್ಡಗಳ ಮಗ್ಗುಲಲ್ಲಿರುವ ಒಂದು ಹಟ್ಟಿಯಿಂದ ಬಂದಿತ್ತು. ಹಟ್ಟಿ ಎಂದರೆ ಕುರಿ ಸಾಕುವವರ ಸಣ್ಣ ಊರು, ಮೂವತ್ತು ನಲವತ್ತು ಮನೆ. ಹಟ್ಟಿಯಿಂದ ಗೋಕಟ್ಟೆಗೆ, ಅಂದರೆ ದನ ಕುರಿ ನೀರು ಕುಡಿಯುವ ಕಟ್ಟೆಗೆ, ತಲೆಮಾರುಗಳಿಂದ ಒಂದು ಕುರಿದಾರಿ ಇತ್ತು. ಬಹಳ ಹಿಂದೆ ಆ ದಾರಿಗೆ ಒಂದು ಜಗಳವಾಗಿ, ಅಧಿಕಾರಿಗಳು ಸ್ಥಳಕ್ಕೆ ಹೋಗಿ, ಪಂಚರ ಎದುರು ಮಹಜರು ಬರೆದು, ಕೈನಕ್ಷೆ ಹಾಕಿ, ದಾರಿ ಬಿಡಬೇಕೆಂದು ತೀರ್ಮಾನ ಮಾಡಿದ್ದರು. ಈಗ ನಡುವಿನ ಜಮೀನು ಹೊಸಬರ ಕೈಗೆ ಹೋಗಿ, ತಂತಿಬೇಲಿ ಬಿದ್ದಿತ್ತು. ಹಳೆಯ ಮಹಜರಿನ ನಕಲು ಇದ್ದರೆ ಬೇಲಿ ತೆಗೆಸಬಹುದಿತ್ತು. ಬೇಸಿಗೆ ಬಲಿಯುವ ಮೊದಲು ಅದು ಬೇಕಿತ್ತು. ಇಲ್ಲದಿದ್ದರೆ ಕುರಿಗಳು ನೀರಿಗಾಗಿ ಇಡೀ ಗುಡ್ಡ ಸುತ್ತಬೇಕು, ಮರಿಗಳಿಗೆ ಅಷ್ಟು ನಡೆಯುವ ಶಕ್ತಿ ಇರುವುದಿಲ್ಲ. ಇದೆಲ್ಲ ಅರ್ಜಿಯಲ್ಲೇ ಇತ್ತು, ನೂರೈವತ್ತು ಪದದೊಳಗೇ ಇತ್ತು. ನಾನು ಓದಿದ್ದು ಆಮೇಲೆ.

ಸಂಕ್ರಾಂತಿ ಕಳೆದ ವಾರ ಅದು. ದಾಖಲೆಗಳ ಕೋಣೆಗೆ ಹೋಗಬೇಕೆಂದರೆ ಧೂಳು, ಜೇಡರ ಬಲೆ, ನನಗೆ ಸೀನು. ನಾನು ಕೋಣೆಯ ಬೀಗವನ್ನೂ ತೆಗೆಯಲಿಲ್ಲ. ಕಂಪ್ಯೂಟರಿನಲ್ಲಿದ್ದ ನನ್ನ ವಾಕ್ಯವನ್ನು ಹಾಗೇ ಅಂಟಿಸಿ, ಸಹಿ ಮಾಡಿಸಿ, ಅಂಚೆಗೆ ಹಾಕಿಸಿದೆ. ಬೇಲಿ ಹಾಕಿದವರು ಯಾರೆಂದೂ ನನಗೆ ಗೊತ್ತಿರಲಿಲ್ಲ, ಯಾರೂ ನನಗೆ ಏನೂ ಕೊಟ್ಟಿರಲಿಲ್ಲ, ಹೇಳಿಯೂ ಇರಲಿಲ್ಲ. ಯಾರಾದರೂ ಒತ್ತಡ ಹಾಕಿದ್ದರೆ ಅವರ ಮೇಲಾದರೂ ಹೊರಿಸಬಹುದಿತ್ತು. ನನಗೆ ಆ ಸಮಾಧಾನವೂ ಇಲ್ಲ.

ಉತ್ತರ ತಲುಪಿದ ಒಂದು ವಾರಕ್ಕೆ ಒಬ್ಬ ಮುದುಕ ನನ್ನ ಟೇಬಲ್ಲಿನ ಮುಂದೆ ಬಂದು ನಿಂತ. ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲಿ ನಮ್ಮ ಕಚೇರಿಯ ಲಕೋಟೆ. ಜಗಳಕ್ಕೆ ಬಂದಿದ್ದಾನೆ ಎಂದುಕೊಂಡು ನಾನು ಮುಖ ಗಂಟು ಹಾಕಿಕೊಂಡೆ. ಆತ ಕೈ ಮುಗಿದ.

"ಯವ್ವಾ, ಈ ಕಾಗ್ದ ಬರ್ದೋರು ನೀವೇ ಏನ್ರಿ?"

ಹೌದೆಂದೆ.

"ಗೇಟಿನ ತಾವ ಅಂಗಡಿಯೋನು ಓದಿ ಹೇಳ್ದ. ಕೂಲಂಕಷ ಅಂದ್ರೇನಪ್ಪಾ ಅಂದೆ. ಮೂಲೆ ಮೂಲೆ ಬಿಡ್ದಂಗೆ ಹುಡುಕ್ಯಾರೆ ಅಂತ ತಾತ ಅಂದ. ನಮ್ಮಂಥೋರ ಕಾಗ್ದಕ್ಕೆ ಅಷ್ಟು ಕಷ್ಟ ಬಿದ್ದೀರಿ. ನಿಮ್ ಹೊಟ್ಟೆ ತಣ್ಣಗಿರ್ಲವ್ವಾ."

ವ್ಯಂಗ್ಯವಾಡುತ್ತಿದ್ದಾನೆಯೇ ಎಂದು ಮುಖ ನೋಡಿದೆ. ಅಲ್ಲಿ ವ್ಯಂಗ್ಯದ ಸುಳಿವೂ ಇರಲಿಲ್ಲ. ಆತ ಲಕೋಟೆಯನ್ನು ಟೇಬಲ್ಲಿನ ಮೇಲಿಟ್ಟು, ಸ್ವಲ್ಪ ಬಗ್ಗಿ ಕೇಳಿದ.

"ಎಲ್ಲೆಲ್ಲಿ ನೋಡಿದ್ರವ್ವಾ?"

"ಏನು?"

"ಎಲ್ಲೆಲ್ಲಿ ಹುಡುಕಿದ್ರಿ ಅಂತ. ಯಾವ್ ಮೂಲ್ಯಾಗೆ ನೋಡೀರಿ, ಯಾವ್ದು ಬಿಟ್ಟೀರಿ, ಅಷ್ಟು ಹೇಳ್ರಿ. ನೀವು ನೋಡಿದ್ನ ಬಿಟ್ಟು ಮಿಕ್ಕಿದ್ದ ನಾನು ನೋಡ್ತೀನಿ. ನನ್ ಕಣ್ಣು ಇನ್ನೂ ಚೆನ್ನಾಗೈತೆ."

ಈ ಪ್ರಶ್ನೆ ಎಲ್ಲಿಂದ ಬಂತೆಂದು ನನಗೆ ಆ ಕ್ಷಣವೇ ಗೊತ್ತಾಯಿತು. ಗೊತ್ತಾದದ್ದೇ ಕಷ್ಟವಾಯಿತು. ನಾನು ಚಿಕ್ಕವಳಿದ್ದಾಗ ಸುಗ್ಗಿ ಮುಗಿದ ಮೇಲೆ ಗೊಬ್ಬರಕ್ಕೆಂದು ನಮ್ಮ ಹೊಲದಲ್ಲಿ ಕುರಿಮಂದೆ ನಿಲ್ಲಿಸುತ್ತಿದ್ದರು. ಒಮ್ಮೆ ಒಂದು ಕುರಿ ತಪ್ಪಿಸಿಕೊಂಡಿತು. ಇಡೀ ಮಂದೆಯ ಗಂಡಸರು ಹುಡುಕಲು ಹೋದರು. ಬರಿಗೈಲಿ ವಾಪಸಾದ ಪ್ರತಿಯೊಬ್ಬನೂ "ಸಿಗ್ಲಿಲ್ಲ" ಎಂದಷ್ಟೇ ಹೇಳಿ ಕೂರುವಂತಿರಲಿಲ್ಲ. ಯಾವ ಹಳ್ಳ, ಯಾವ ಬಂಡೆಯ ತನಕ, ಯಾವ ಜಾಲಿಯ ಮರೆ ಎಂದು ಒಂದೊಂದೇ ಹೇಳಬೇಕಿತ್ತು. ಮುಂದಿನವನು ಅದನ್ನು ಬಿಟ್ಟು ಬೇರೆ ಕಡೆ ಹೋಗಬೇಕಲ್ಲ. ಹೇಳಲು ಆಗದವನು ಹುಡುಕಿಲ್ಲ ಎಂದೇ ಲೆಕ್ಕ. ನಮ್ಮವ್ವನೂ ಅಂಗಳದಲ್ಲಿ ನಿಂತು, "ಕಟ್ಟೆ ಹಿಂದ್ಲ ಲಂಟಾನದಾಗೆ ಯಾರೂ ನೋಡಿಲ್ಲ ಕಣ್ರಪ್ಪಾ" ಎಂದು ಕೂಗಿ ಹೇಳಿದ್ದಳು. ಕುರಿ ಅಲ್ಲೇ ಸಿಕ್ಕಿತ್ತು.

ಇಷ್ಟೆಲ್ಲ ನೆನಪಾದ ಮೇಲೂ ನಾನು ಅಂದದ್ದು, "ಎಲ್ಲಾ ಕಡೆ ನೋಡಿದ್ದೀವಿ ತಾತ."

"ಎಲ್ಲಾ ಕಡೆ ಅಂದ್ರೆ ಹೆಂಗವ್ವಾ," ಎಂದು ಆತ ನಕ್ಕ, ಮಕ್ಕಳಿಗೆ ತಿಳಿಹೇಳುವವರ ಹಾಗೆ. "ಅದ್ರಾಗೆ ನನ್ ಹೆಬ್ಬೆಟ್ಟು ಐತೆ. ನಮ್ಮಪ್ಪಂದೂ ಐತೆ. ನಾನು ಮೀಸೆ ಬಂದಿರೋ ಹುಡ್ಗ ಆಗ. ಸಾಹೇಬ್ರು ನಮ್ ಕಂಬ್ಳಿ ಮ್ಯಾಲೇ ಕುಂತು ಬರ್ದ್ರು. ಎಲ್ಲಿಗ್ ಹೋಗ್ತೈತೆ ಅದು, ಕಾಲಿಲ್ದ ಕಾಗ್ದ?"

ಹೊರಗಿನವರನ್ನು ದಾಖಲೆ ಕೋಣೆಗೆ ಬಿಡುವಂತಿಲ್ಲ ಎಂದೆ. ಆತ ಒಪ್ಪಿಕೊಂಡ. "ಹಂಗಾದ್ರೆ ಇನ್ನೊಂದ್ ಸಲ ನೀವೇ ನೋಡ್ರಿ. ನಾನು ಆ ಬೇವಿನ್ ಮರದ್ ಕೆಳಗೆ ಇರ್ತೀನಿ. ಸಿಕ್ಕಿದ್ರೆ ಒಂದ್ ಕೂಗು ಹಾಕ್ರಿ." ಹೇಳಿದಂತೆ ಹೋಗಿ ಮರದ ಕೆಳಗೆ, ಕೋಣೆಯ ಬಾಗಿಲಿಗೆ ಮುಖ ಮಾಡಿ ಕೂತ. ಸಂಜೆಯ ಬಸ್ಸಿನ ಹೊತ್ತಿಗೆ ಎದ್ದು, ನನ್ನ ಕಿಟಕಿಗೆ ಬಂದು, "ಬರ್ತೀನವ್ವಾ, ಶುಕ್ರವಾರ ಬರ್ತೀನಿ" ಎಂದು ಹೋದ. ಶುಕ್ರವಾರ ಬಂದ. ಮುಂದಿನ ಶುಕ್ರವಾರವೂ ಬಂದ. ಒಂದು ಸಲವೂ ದನಿ ಎತ್ತಲಿಲ್ಲ. ಬಿಳಿ ಅಂಗಿಯವನ ಅರ್ಜಿ ರಾಶಿಗೆ ನನ್ನಲ್ಲಿ ಉತ್ತರವಿತ್ತು, ಈತನ ನಂಬಿಕೆಗೆ ಇರಲಿಲ್ಲ. ನನಗೆ ರೇಗಿಹೋಗುತ್ತಿತ್ತು. ಅವನ ಮೇಲೆ ರೇಗುತ್ತಿದ್ದೇನೆ ಎಂದೇ ಆಗ ಅಂದುಕೊಂಡಿದ್ದೆ.

ಮೂರನೆಯ ಶುಕ್ರವಾರ ಅದೇ ರೇಗಿನಲ್ಲಿ, ಮೂಗಿಗೆ ಸೆರಗು ಕಟ್ಟಿಕೊಂಡು, ಬೀಗ ತೆಗೆದು ಒಳಗೆ ಹೋದೆ. ಒಂದು ಟೀ ಕುಡಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ಎಡಗೋಡೆಯ ಮೂರನೆಯ ರ‍್ಯಾಕಿನಲ್ಲಿ, ಆ ಭಾಗದ ಊರಿನ ಹೆಸರು ಬರೆದಿದ್ದ ಕೆಂಪು ಗಂಟಿನಲ್ಲಿ, ಇರಬೇಕಾದ ಜಾಗದಲ್ಲೇ ಇತ್ತು. ಹಳದಿಯಾದ ಹಾಳೆ, ಮಸಿಯಲ್ಲಿ ಎಳೆದ ಕೈನಕ್ಷೆ, ಹಟ್ಟಿಯಿಂದ ಕಟ್ಟೆಗೆ ಚುಕ್ಕೆ ಚುಕ್ಕೆಯ ದಾರಿ. ಕೆಳಗೆ ಹೆಬ್ಬೆಟ್ಟುಗಳ ಸಾಲು. ಎರಡು ಪಕ್ಕಪಕ್ಕ ಇದ್ದವು, ಒಂದರ ಎದುರು ತಂದೆ, ಇನ್ನೊಂದರ ಎದುರು ಮಗ ಎಂದು ಬರೆದಿತ್ತು. ಕಿಟಕಿಯಿಂದ ನೋಡಿದರೆ ಆ ಮಗ, ತಲೆ ನೆರೆತವನು, ಬೇವಿನ ಮರದ ಕೆಳಗೆ ಬಾಗಿಲನ್ನೇ ನೋಡುತ್ತ ಕೂತಿದ್ದ. ಒಂದು ಕೂಗು ಹಾಕಿದ್ದರೆ ಸಾಕಿತ್ತು. ನಾನು ಕೂಗಲಿಲ್ಲ.

ಕಡತವನ್ನು ಸೂಪರಿಂಟೆಂಡೆಂಟರ ಮುಂದಿಟ್ಟೆ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, "ಇಲ್ಲ ಅಂತ ಸಹಿ ಮಾಡಿ ಕಳಿಸಿದ ಮೇಲೆ ಈಗ ಐತೆ ಅಂತ ಹೆಂಗಮ್ಮಾ ಬರೆಯೋದು? ದಂಡ ಬಿದ್ರೆ ಯಾರ ತಲೆ ಮ್ಯಾಲೆ? ಅವ್ನು ಮೇಲ್ಮನವಿ ಹಾಕ್ಲಿ. ಮರುಪರಿಶೀಲನೆಯಲ್ಲಿ ಸಿಕ್ತು ಅಂತ ಕೊಡೋಣ. ರೂಲ್ ಪ್ರಕಾರ ಆಗ್ತೈತೆ" ಎಂದರು. ರೂಲಿನ ಪ್ರಕಾರ ಅದು ಸರಿಯಾಗಿಯೂ ಇತ್ತು. ನಾನು ಕಡತವನ್ನು ನನ್ನ ಬೀರುವಿನಲ್ಲಿಟ್ಟೆ. ಅದರ ಮೇಲೆ ದಿನಾ ನನ್ನ ಊಟದ ಡಬ್ಬಿ ಇಡುತ್ತಿದ್ದೆ.

ಮುದುಕ ಮೇಲ್ಮನವಿ ಹಾಕಲಿಲ್ಲ. ಯಾಕೆ ಹಾಕುತ್ತಾನೆ? ಅವನ ಪ್ರಕಾರ ಹುಡುಕಾಟ ಇನ್ನೂ ನಡೆದಿತ್ತು. ಹುಡುಕುತ್ತಿರುವವರ ಮೇಲೆ ಯಾರಾದರೂ ದೂರು ಕೊಡುತ್ತಾರೆಯೇ? ಮೇಲ್ಮನವಿ ಹಾಕು ತಾತ ಎಂದು ನಾನು ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ. ಹೇಳಿದರೆ ಯಾಕೆ ಎಂದು ಕೇಳುತ್ತಾನೆ. ಒಂದು ಶುಕ್ರವಾರ ರಜೆ ಹಾಕಿ ಮನೆಯಲ್ಲಿ ಕೂತೆ. ಮಾರನೆಯ ದಿನ ಜವಾನ ಹೇಳಿದ, "ಆ ತಾತ ಬಂದಿದ್ದ. ಅವ್ವಂಗೆ ಧೂಳಿಗೆ ಮೈ ಕೆಟ್ಟಿರ್ಬೇಕು, ನನ್ನಿಂದ ಹಿಂಗಾತು ಅಂತ ಒದ್ದಾಡ್ತಿದ್ದ."

ಯುಗಾದಿ ಕಳೆಯಿತು, ಬಿಸಿಲು ಏರಿತು. ಕೊನೆಗೆ ನಾನೇ ಗೇಟಿನ ಅಂಗಡಿಗೆ ಹೋಗಿ, ಆ ತಾತ ಬಂದಾಗ ಒಂದು ಮೇಲ್ಮನವಿ ಟೈಪ್ ಮಾಡಿಕೊಡು ಎಂದು ಹೇಳಿ ಬಂದೆ. ಅಂಗಡಿಯವನು ಬೆರಗಾಗಿ ನೋಡಿದ. ನಿಮ್ಮ ಮೇಲೇ ಮೇಲ್ಮನವಿ ಹಾಕಲು ನೀವೇ ಹೇಳುವುದೇ, ಎಂಥ ದೊಡ್ಡ ಮನಸ್ಸು ಮೇಡಂ ಎಂದ. ಅದು ಹಿಂದಿನ ತಿಂಗಳ ಮಾತಾಗಿದ್ದರೆ ಆ ಹೊಗಳಿಕೆಗೂ ಹಿಗ್ಗುತ್ತಿದ್ದೆನೇನೋ.

ನಕಲನ್ನು ಅವನ ಕೈಗಿಡುವ ಹೊತ್ತಿಗೆ ಬೇಸಿಗೆ ಅರ್ಧ ಮುಗಿದಿತ್ತು. ಆತ ಹಾಳೆಯನ್ನು ಕಣ್ಣಿಗೊತ್ತಿಕೊಂಡ. ಅಪ್ಪನ ಹೆಬ್ಬೆಟ್ಟನ್ನು ಬೆರಳಲ್ಲಿ ಸವರಿದ. ಕುರಿಗಳು ಹೇಗಿವೆ ಎಂದು ಕೇಳಿದೆ.

"ಅರ್ಧ ಹೊಡ್ದುಬಿಟ್ನವ್ವಾ ಸಂತೆಗೆ. ನೀರಿಗೆ ಗುಡ್ಡ ಸುತ್ತಿ ಸುತ್ತಿ ಮರಿ ಬಿದ್ದುಹೋಗ್ತಿದ್ವು. ಕಣ್ಮುಂದೆ ಸಾಯೋದು ನೋಡೋದ್ಕಿಂತ... ಹೋಗ್ಲಿ ಬಿಡು, ಮಿಕ್ಕಿದ್ದಕ್ಕೆ ದಾರಿ ಆತಲ್ಲ." ನನ್ನನ್ನು ನೀನು ಅನ್ನಲು ಶುರುಮಾಡಿದ್ದ, ಮನೆಯವರನ್ನು ಅನ್ನುವ ಹಾಗೆ. "ಎಲ್ಲಿತ್ತವ್ವಾ ಇದು?"

ಸಿಕ್ಕ ಜಾಗವನ್ನೂ ಹೇಳಬೇಕು. ಕುರಿಯವರಿಗೆ ಅದೂ ಮುಖ್ಯ, ಮುಂದೆ ಯಾವಾಗಲಾದರೂ ಬೇಕಾಗುತ್ತದೆ.

"ಬೇರೆ ಊರಿನ ಗಂಟಿನಲ್ಲಿ ಸೇರಿಬಿಟ್ಟಿತ್ತು ತಾತ."

"ನೋಡ್ದ್ಯಾ! ಬ್ಯಾರೆ ಮಂದಿಗೆ ಸೇರ್ಕಂಡಿತ್ತು," ಎಂದು ತೊಡೆ ತಟ್ಟಿಕೊಂಡು ನಕ್ಕ. "ನಾನು ಅಂದ್ಕಂಡಿದ್ದೆ."

ಬೇಲಿ ತೆಗೆಸುವ ದಿನ ಕಾಗದಪತ್ರ ಹಿಡಿದು ನಾನೂ ಹೋಗಬೇಕಾಯಿತು. ಸರ್ವೆಯವರು ಅಳತೆ ಮುಗಿಸಿದ ಮೇಲೆ ಮುದುಕ ನಮ್ಮನ್ನು ಹಟ್ಟಿಗೆ ಕರೆದ. ಅಂಗಳದಲ್ಲಿ ಕಂಬಳಿ ಹಾಸಿದ್ದರು. ಹಟ್ಟಿಯಲ್ಲಿ ಕಂಬಳಿ ಹಾಸಿ ಕೂರಿಸುವುದು ಸಣ್ಣ ಮರ್ಯಾದೆಯಲ್ಲ. ಜೊತೆಗೆ ಬಂದಿದ್ದ ಸಾಹೇಬರು ಕೂರಬೇಕಾದ ಜಾಗ ಎಂದು ನಾನು ಹಿಂದೆ ಸರಿದೆ. ಮುದುಕ ನನ್ನನ್ನೇ ಕರೆದು ಕೂರಿಸಿದ. ಕಳೆದ ಕುರಿಯನ್ನು ಹುಡುಕಿ ತಂದವರು ಮೊದಲು ಕೂತು ಉಣ್ಣಬೇಕಂತೆ. ಹೆಂಗಸರು, ಮಕ್ಕಳು ಸುತ್ತ ನಿಂತರು. ಆತ ಕನ್ನಡದಲ್ಲಿ ಒಂದು ಸಲ, ಆಂಧ್ರದ ಕಡೆಯಿಂದ ಬಂದಿದ್ದ ನೆಂಟರಿಗಾಗಿ ತೆಲುಗಿನಲ್ಲಿ ಇನ್ನೊಂದು ಸಲ, ಈ ಅವ್ವ ಧೂಳಿನಲ್ಲಿ ಹೇಗೆ ಹುಡುಕಿದಳು, ಮೈ ಕೆಟ್ಟು ಮಲಗಿ ಎದ್ದು ಬಂದು ಹೇಗೆ ಮತ್ತೆ ಹುಡುಕಿದಳು ಎಂದು ಹೇಳಿದ. ಆಮೇಲೆ ನನ್ನ ಕಡೆ ತಿರುಗಿದ.

"ಹೇಳವ್ವಾ ಇವರಿಗೆ, ಎಲ್ಲೆಲ್ಲಿ ಹುಡುಕಿದೆ ಅಂತ."

ಹೇಳಿದೆ. ದೇವರಾಣೆಗೂ ಹೇಳಿದೆ. ಮೊದಲನೆಯ ರ‍್ಯಾಕು, ಎರಡನೆಯದು, ಮೇಲಿನ ಅಟ್ಟ, ಹಿಂದಿನ ಪೆಟ್ಟಿಗೆ. ಇಲ್ಲದ ಅಟ್ಟವನ್ನೂ ಕಟ್ಟಿದೆ. ಅವರು ತಲೆದೂಗುತ್ತ ಕೇಳಿದರು. ಮುದುಕನ ಹೆಂಡತಿ ನನ್ನ ಬಟ್ಟಲಿಗೆ ಮಜ್ಜಿಗೆ ಬಗ್ಗಿಸುತ್ತ, "ಅಷ್ಟು ನಮ್ ಮಕ್ಳೂ ಹುಡುಕಲ್ಲ ಬಿಡವ್ವಾ" ಅಂದಳು. ಬಟ್ಟಲನ್ನು ಕೆಳಗಿಟ್ಟೆ. ಅಂಗಳದ ಆಚೆ ಅರ್ಧ ಖಾಲಿಯಾದ ಕುರಿರೊಪ್ಪ ಕಾಣುತ್ತಿತ್ತು. ಅಷ್ಟು ಜನರ ನಡುವೆ ಅಷ್ಟು ಮರ್ಯಾದೆಯಲ್ಲಿ ಕೂತು, ನನ್ನ ಮೇಲೆ ನನಗೇ ಅಸಹ್ಯವಾಯಿತು. ಆದರೂ ಬಾಯಿ ಬಿಡಲಿಲ್ಲ.

ಆಮೇಲಿನ ವರ್ಷಗಳಲ್ಲಿ ಅರ್ಜಿಗಳ ಬಣ್ಣ ಮತ್ತೆ ಬದಲಾಯಿತು. ಬಿಳಿ ಅಂಗಿಯವನು ಚುನಾವಣೆಗೆ ನಿಂತು ಗೆದ್ದು, ಈಗ ತಾನೇ ಅರ್ಜಿಗಳನ್ನು ಬೈಯುತ್ತಾನೆ. ಕಾಲೇಜಿನ ಹುಡುಗಿಯರು ಮೊಬೈಲಿನಲ್ಲೇ ಅರ್ಜಿ ಹಾಕಿ ತಮ್ಮ ಉತ್ತರಪತ್ರಿಕೆ ಕೇಳುತ್ತಾರೆ. ರೇಷನ್ ಕಾರ್ಡು ಯಾಕೆ ರದ್ದಾಯಿತು ಎಂದು ಕೇಳುವವರು, ಅಂಗನವಾಡಿಗೆ ಬರಬೇಕಾದ ಮೊಟ್ಟೆ ಎಲ್ಲಿ ಹೋಯಿತು ಎಂದು ಕೇಳುವ ತಾಯಂದಿರು. "ಬೇಡಿಕೊಳ್ಳುತ್ತೇನೆ" ಎಂಬ ಮಾತು ಕಾಣೆಯಾಗಿದೆ. ಹೀಗೆ ಎಲ್ಲರೂ ಬೇಡುವುದನ್ನು ಬಿಟ್ಟು ಕೇಳುವುದನ್ನು ಕಲಿಯುತ್ತಿದ್ದ ಕಾಲದಲ್ಲಿ, ಒಬ್ಬ ಮುದುಕ ಮಾತ್ರ ತಿರುಗಿ ಬೇಡಲು ಶುರುಮಾಡಿದ. ಅದು ನನ್ನಿಂದ.

ಮೊದಲ ಸಲ ಅವನ ಅರ್ಜಿಯ ಜೊತೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರು, ಕಾನೂನು, ತಾರೀಖು ಎಲ್ಲ ಇದ್ದವು. ಹೋದ ವರ್ಷ ಬಂದಾಗ ಬರಿಗೈ ಮುಗಿದುಕೊಂಡು ಬಂದ. ಜೊತೆಗೆ ಹಟ್ಟಿಯ ಒಬ್ಬ ವಿಧವೆ. ಅವಳ ಗಂಡನ ಹೆಸರಿನಲ್ಲಿದ್ದ ಮನೆ ಜಾಗದ ಕಾಗದ ಬೇಕಿತ್ತು.

"ಅರ್ಜಿ ಎಲ್ಲಿ ತಾತ?"

"ಅರ್ಜಿ ಯಾಕವ್ವಾ? ನೀನಿದ್ದೀಯಲ್ಲ. ನೀನು ಮನ್ಸು ಮಾಡಿದ್ರೆ ಹುಡುಕ್ತೀಯ. ಸುತ್ಲ ಹಟ್ಟಿಯೋರಿಗೆಲ್ಲ ಅದೇ ಹೇಳೀನಿ. ಅರ್ಜಿ ಗಿರ್ಜಿ ಏನೂ ಬ್ಯಾಡ, ಆ ಅವ್ವನ ಕಾಲು ಹಿಡ್ಕಳ್ರಿ ಅಂತ."

ಅರ್ಜಿ ಹಾಕು ತಾತ, ಹಾಕಲೇಬೇಕು ಎಂದೆ. ಅವನ ಮುಖ ಸಪ್ಪಗಾಯಿತು. "ನಮ್ ಮ್ಯಾಲೆ ಬ್ಯಾಸ್ರ ಆತೇನವ್ವಾ?" ಎಂದ.

ಅವನ ಕೈಯಲ್ಲಿದ್ದ ಹಕ್ಕನ್ನು ಕಿತ್ತುಕೊಂಡು ನನ್ನ ದಯೆಯನ್ನಾಗಿ ಮಾಡಿ ಕೊಟ್ಟಿದ್ದೆ. ಅದೂ ಇಲ್ಲದ ದಯೆ. ಇನ್ನು ತಡೆಯಲಾಗಲಿಲ್ಲ. ವಿಧವೆಯನ್ನು ಟೈಪಿಂಗ್ ಅಂಗಡಿಗೆ ಕಳಿಸಿ, ಅವನನ್ನು ಅದೇ ಬೇವಿನ ಮರದ ಕೆಳಗೆ ಕರೆದುಕೊಂಡು ಹೋಗಿ ಕೂರಿಸಿದೆ.

"ತಾತ, ಆವತ್ತು ನಾನು ಹುಡುಕಿರಲಿಲ್ಲ. ಆ ಕಾಗದ ಬರೆಯೋವಾಗ ಕೋಣೆ ಬೀಗವನ್ನೇ ತೆಗೆದಿರಲಿಲ್ಲ. ಆಮೇಲೆ ನೋಡಿದಾಗ ನಿಮ್ಮೂರಿನ ಗಂಟಿನಲ್ಲೇ ಇತ್ತು. ಸಿಕ್ಕ ಮೇಲೂ ಯುಗಾದಿ ದಾಟೋವರೆಗೂ ನನ್ನ ಬೀರುವಿನಲ್ಲಿ ಇಟ್ಕೊಂಡಿದ್ದೆ. ನೀನು ಇಲ್ಲಿ ಕೂತಿದ್ದಾಗಲೂ ಅದು ಒಳಗಿತ್ತು."

ಬೈಯಲಿ ಎಂದು ಕಾದೆ. ಸಂತೆಗೆ ಹೋದ ಕುರಿಗಳ ಬಗ್ಗೆ ಕೇಳಲಿ, ಶಾಪ ಹಾಕಲಿ, ಅಷ್ಟಾದರೂ ಆಗಲಿ ಎಂದು ಕಾದೆ. ಆತ ನೆಲದ ಮೇಲಿದ್ದ ಒಂದು ಒಣ ಕಡ್ಡಿಯನ್ನು ಎತ್ತಿಕೊಂಡು ಸಣ್ಣಸಣ್ಣದಾಗಿ ಮುರಿದ.

"ನಾನು ಕಂಬ್ಳಿ ಮ್ಯಾಲೆ ಕೂರ್ಸಿ ಹೇಳ್ಬಿಟ್ನಲ್ಲವ್ವಾ," ಎಂದ ಕೊನೆಗೆ. "ಹಟ್ಟಿಯೋರ ಮುಂದೆ. ನೆಂಟ್ರ ಮುಂದೆ. ಈಗ ಅವರಿಗೆ ನಾನು ಏನ್ ಹೇಳ್ಲಿ?"

ನಾನು ತಪ್ಪೊಪ್ಪಿಕೊಂಡು ಹಗುರಾಗಲು ಹೊರಟಿದ್ದೆ, ಆ ಭಾರವನ್ನು ಎತ್ತಿ ಅವನ ತಲೆಯ ಮೇಲಿಟ್ಟಿದ್ದೆ. ಸುಳ್ಳು ಹೇಳಿದವಳು ನಾನು. ತನ್ನ ಜನರ ಮುಂದೆ ತಲೆ ತಗ್ಗಿಸಬೇಕಾದವನು ಅವನು. ಆತ ಕೈಯೂರಿ ಎದ್ದು, ಕಂಬಳಿಯ ಧೂಳು ಕೊಡವಿ, ಗೇಟಿನ ಕಡೆ ಹೋದ.

ಅವನು ಹೋಗಿ ಹಟ್ಟಿಯಲ್ಲಿ ಏನು ಹೇಳಿದನೋ ನನಗೆ ತಿಳಿಯದು. ಆದರೆ ಒಂದು ತಿಂಗಳಾದ ಮೇಲೆ ಗೇಟಿನ ಅಂಗಡಿಯಿಂದ ಬರುವ ಅರ್ಜಿಗಳ ಕೊನೆಯಲ್ಲಿ ಒಂದು ಹೊಸ ಸಾಲು ಕಾಣಿಸಿಕೊಂಡಿತು. "ಕಡತ ಸಿಗದಿದ್ದಲ್ಲಿ ಯಾವ ದಿನ, ಎಲ್ಲೆಲ್ಲಿ ಹುಡುಕಲಾಯಿತು ಎಂಬುದನ್ನು ತಿಳಿಸುವುದು." ಮೊದಲು ಆ ಹಟ್ಟಿಯ ಅರ್ಜಿಗಳಲ್ಲಿ ಮಾತ್ರ ಇತ್ತು. ಅಂಗಡಿಯವನು ಅದನ್ನು ತನ್ನ ಮಾದರಿಗೇ ಸೇರಿಸಿಬಿಟ್ಟ. ಈಗ ದೂರದ ಊರುಗಳಿಂದ ಬರುವ ಅರ್ಜಿಗಳಲ್ಲೂ ಇದೆ. ನಮ್ಮ ಕಚೇರಿಯವರು ಆ ಸಾಲನ್ನು ಕಂಡರೆ ಉರಿದುಬೀಳುತ್ತಾರೆ, ಯಾವನಪ್ಪ ಇದನ್ನು ಕಂಡುಹಿಡಿದವನು ಎಂದು. ನಾನು ಸುಮ್ಮನೆ ಮೂಗಿಗೆ ಸೆರಗು ಕಟ್ಟಿಕೊಂಡು ಕೋಣೆಗೆ ಹೋಗಿ ಹುಡುಕುತ್ತೇನೆ. ರ‍್ಯಾಕು, ಗಂಟು, ತಾರೀಖು ಬರೆಯುತ್ತೇನೆ. ಸೀನು ಬರುತ್ತದೆ.

ಮುದುಕ ಮೊನ್ನೆ ಶುಕ್ರವಾರ ಬಂದಿದ್ದ. ನಾನು ಎದ್ದು ನಿಂತು, ಕೂತ್ಕೋ ತಾತ ಎಂದೆ. ಕೂರಲಿಲ್ಲ. ಇನ್ನೊಬ್ಬರ ಪರವಾಗಿ ಟೈಪ್ ಮಾಡಿಸಿದ ಅರ್ಜಿ ತಂದಿದ್ದ, ಪೋಸ್ಟಲ್ ಆರ್ಡರನ್ನು ಗುಂಡುಪಿನ್ನಿನಲ್ಲಿ ಸಿಕ್ಕಿಸಿದ್ದ. ಎರಡನೆಯ ಪ್ರತಿಯನ್ನು ನನ್ನ ಮುಂದೆ ಸರಿಸಿದ.

"ಇದಕ್ಕೆ ತಾರೀಕ್ ಬರ್ದು ಸೀಲ್ ಹಾಕಿ ಕೊಡ್ರಿ ಮೇಡಂ," ಎಂದ.

ಸೀಲು ಒತ್ತಿ ಕೊಟ್ಟೆ. ಆತ ಅದನ್ನು ಬೆಳಕಿಗೆ ಹಿಡಿದು, ಮಸಿ ಸರಿಯಾಗಿ ಮೂಡಿದೆಯೇ ಎಂದು ನೋಡಿ, ನಾಲ್ಕು ಮಡಿಕೆ ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. ಬರ್ತೀನವ್ವಾ ಅನ್ನುವನೇನೋ ಎಂದು ನಾನು ಕಿಟಕಿಯ ಹತ್ತಿರವೇ ನಿಂತಿದ್ದೆ. ಆತ ಬೇವಿನ ಮರದ ಕಡೆಗೂ ನೋಡದೆ ಗೇಟು ದಾಟಿ ಬಸ್ಸಿಗೆ ಹೋದ.